ಹಸಿರು ವಯರಿನ ತುಂಡು

ಮಂಗಳೂರಿನಲ್ಲಿ ಪಾಸ್ಕಲ್ ಮಾಸ್ಟ್ರು ಎಂಬ ರಿಪೇರಿಯವರಿದ್ದರು. ಮದುವೆ ಬ್ಯಾಂಡುಗಳ ಬೇಸ್ ಗಿಟಾರ್ ಮತ್ತು ಗಾಜಿನ ವಾಲ್ವುಗಳು ಕೆಂಪಗೆ ಉರಿಯುವ ಹಳೇ ಕಾಲದ ಆಂಪ್ಲಿಫೈಯರ್ ಸೆಟ್ಟು, ಇವೆರಡು ಬಿಟ್ಟು ಬೇರೇನನ್ನೂ ಅವರು ಮುಟ್ಟುತ್ತಿರಲಿಲ್ಲ. ಮಿಕ್ಸಿ ಹಿಡಿದುಕೊಂಡು ಬಂದವರನ್ನು ಬೈದು ಕಳಿಸುತ್ತಿದ್ದರು. ಐವತ್ತು ವರ್ಷ ಸ್ಪೀಕರಿನ ಎದುರು ಕೂತು ಕೂತು ಅವರ ಕಿವಿ ಪೂರ್ತಿ ಹೋಗಿತ್ತು. ಪಕ್ಕದಲ್ಲೇ ಪಟಾಕಿ ಸಿಡಿದರೂ ತಿರುಗಿ ನೋಡುತ್ತಿರಲಿಲ್ಲ. ಎದುರಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಸೆಟ್ಟಿನ ಮೇಲೆ ಅಂಗೈ ಇಟ್ಟು ಅದರ ಕಾಯಿಲೆ ಹೇಳುತ್ತಿದ್ದರು.

ಕೆಲಸವನ್ನೆಲ್ಲ ಮಾಡುತ್ತಿದ್ದವನು ಶಿಷ್ಯ ಉಮಾನಾಥ. ಅವನಿಗೂ ನಲವತ್ತು ದಾಟಿತ್ತು. ಒಳ್ಳೆಯ ಕೈ. ಆದರೆ ‘ಆಗಲಿಲ್ಲ’ ಎಂಬ ಒಂದು ಮಾತು ಮಾತ್ರ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಇದನ್ನು ನಾವೆಲ್ಲ ದೊಡ್ಡ ಗುಣವೆಂದು ಹೊಗಳುತ್ತೇವೆ. ಇರಲಿ, ಮುಂದೆ ಕೇಳಿ.

ಆ ಅಂಗಡಿಗೆ ಒಂದು ಕಟ್ಟಳೆ ಇತ್ತು. ಸೆಟ್ಟಿನಿಂದ ತೆಗೆದ ಪ್ರತಿಯೊಂದು ಸಾಮಾನನ್ನೂ, ತುಕ್ಕು ಹಿಡಿದ ಸ್ಕ್ರೂ ಆದರೂ ಸರಿ, ಒಂದು ಕವರಿಗೆ ಹಾಕಿ ಸೆಟ್ ತಂದವರ ಕೈಗೆ ಕೊಡಬೇಕು. “ತೆಗೆದದ್ದನ್ನು ತೋರಿಸದೆ ಸೆಟ್ ಕೊಡ್ಬಾರದು” ಎಂದು ಮಾಸ್ಟ್ರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮೇಲಿನ ಶೆಲ್ಫಿನಲ್ಲಿ ಮಾತ್ರ ಹುರಿಯಿಂದ ಬಿಗಿದ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ.

ಒಮ್ಮೆ ಜೆಸಿಂತಾ ಬಾಯಿ ಎಂಬ ಹೆಂಗಸು ಒಂದು ಬೇಸ್ ಗಿಟಾರನ್ನೂ ಒಂದು ವಾಲ್ವ್ ಸೆಟ್ಟನ್ನೂ ಆಟೋದಲ್ಲಿ ತಂದರು. ಎರಡೂ ಅವರ ತೀರಿಹೋದ ತಮ್ಮನದು. ಹತ್ತು ವರ್ಷದಿಂದ ಮಂಚದಡಿ ಬಿದ್ದಿದ್ದವು.

“ಬರುವ ಭಾನುವಾರ ತಮ್ಮನ ಮಗಳ ಮದುವೆ ಉಂಟು” ಎಂದರು ಅವರು. “ಅಪ್ಪ ಅಂತೂ ಇಲ್ಲ. ಅಪ್ಪನ ಗಿಟಾರ್ ಆದ್ರೂ ಅವಳಿಗೆ ಕೇಳ್ಬೇಕು. ನಾನೇ ನುಡಿಸಿ ಹಾಡುವುದು. ಆಗ್ತದಾ ಉಮಾನಾಥ?”

“ಎಂತ ಕೇಳ್ತೀರಿ ಬಾಯಿ? ಆಗದೆ ಎಂತ!” ಎಂದ ಉಮಾನಾಥ.

ಒಂದು ವಾರ ಮೈಮುರಿದು ದುಡಿದ. ಬಾಗಿದ್ದ ಗಿಟಾರಿನ ಕತ್ತನ್ನು ನೇರ ಮಾಡಿದ. ತುಕ್ಕು ಹಿಡಿದ ತಂತಿಗಳನ್ನು ಬಿಚ್ಚಿ ಹೊಸವನ್ನು ಬಿಗಿದ. ಸೆಟ್ಟಿನೊಳಗಿನ ಜೇಡರ ಬಲೆ ತೆಗೆದು, ಉಬ್ಬಿದ್ದ ಕಂಡೆನ್ಸರುಗಳನ್ನು ಬದಲಿಸಿದ. ಎಲ್ಲ ಸರಿಯಾಯಿತು. ಒಂದು ಗುಂಯ್ ಎಂಬ ಸದ್ದು ಮಾತ್ರ ಹೋಗಲಿಲ್ಲ. ಸೆಟ್ ಹಾಕಿದ ಕೂಡಲೇ ಗುಂಯ್ ಎಂದು ಶುರುವಾಗಿ, ಆರಿಸುವವರೆಗೆ ಬಿಡುತ್ತಿರಲಿಲ್ಲ.

ಕಾರಣ ಅವನಿಗೆ ಗೊತ್ತಿತ್ತು. ಟ್ರಾನ್ಸ್‌ಫಾರ್ಮರಿನ ಒಳಗೆ ಎಲ್ಲೋ ಹಳೇ ತಂತಿಯ ಹೊದಿಕೆ ಒಡೆದು, ಕರೆಂಟು ಸೆಟ್ಟಿನ ಕಬ್ಬಿಣದ ಮೈಗೆ ಸೋರುತ್ತಿತ್ತು. ಅರ್ಥಿಂಗಿನ ಹಸಿರು ವಯರು ಅದನ್ನು ನೆಲಕ್ಕೆ ಇಳಿಸುತ್ತಿತ್ತು. ಆ ಸದ್ದು ಸೋರಿಕೆಯದೇ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಹೊಸದಾಗಿ ಸುತ್ತಲು ನಾಲ್ಕು ದಿನ ಬೇಕು. ಅಂದು ಶನಿವಾರ.

ಉಮಾನಾಥ ಕತ್ತರಿ ತೆಗೆದು ಹಸಿರು ವಯರಿನಿಂದ ಬೆರಳುದ್ದದ ತುಂಡನ್ನು ಕತ್ತರಿಸಿಬಿಟ್ಟ. ನೆಲಕ್ಕೆ ದಾರಿ ತಪ್ಪಿತು. ಸದ್ದು ಟಕ್ಕನೆ ನಿಂತಿತು. ಟೆಸ್ಟರನ್ನು ಸೆಟ್ಟಿನ ಮೈಗೆ ಮುಟ್ಟಿಸಿದ. ಅದರೊಳಗಿನ ಬಲ್ಬು ಕೆಂಪಗೆ ಹೊತ್ತಿತು. ಇನ್ನು ಆ ಸೋರಿಕೆ ಕೇಬಲ್ಲಿನ ಮೂಲಕ ಗಿಟಾರಿನ ತಂತಿಗೂ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ‘ಮದುವೆ ಹಾಲ್‌ನ ಸ್ಟೇಜು ಮರದ್ದು, ಕಾಲಲ್ಲಿ ಚಪ್ಪಲಿ ಇರ್ತದೆ, ಒಂದು ಗಂಟೆಯ ಕೆಲಸ, ಸೋಮವಾರ ಕೇಳಿ ವಾಪಸು ತರಿಸಿದರಾಯಿತು’ ಎಂದು ತನಗೆ ತಾನೇ ಹೇಳಿಕೊಂಡ. ನಾವು ನಮಗೆ ಹೇಳಿಕೊಳ್ಳುವ ಸುಳ್ಳಿಗೆ ಎಷ್ಟು ಕಾರಣ ಬೇಕಾದರೂ ಸಿಗುತ್ತದೆ.

ಮಾಸ್ಟ್ರು ಬಂದು ಸೆಟ್ಟಿನ ಮರದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ತುಂಬಾ ಹೊತ್ತು ಇಟ್ಟರು.

“ನಿನ್ನೆ ನಡುಗ್ತಿತ್ತು. ಇವತ್ತು ಹೆಣದ ಹಾಗೆ ಸುಮ್ಮನುಂಟು. ತೆಗೆದದ್ದು ಎಲ್ಲಿ?”

ಉಮಾನಾಥ ಕವರು ಕೊಟ್ಟ. ಅದರಲ್ಲಿ ಹಳೇ ತಂತಿಗಳೂ ಕಂಡೆನ್ಸರುಗಳೂ ಇದ್ದವು. ಹಸಿರು ತುಂಡು ಅವನ ಅಂಗಿಯ ಜೇಬಿನಲ್ಲಿತ್ತು.

“ಇಷ್ಟೆಯಾ?”

“ಇಷ್ಟೇ ಮಾಸ್ಟ್ರೇ.”

ಮಾಸ್ಟ್ರು ಅವನ ತುಟಿಯನ್ನೇ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಜೆಸಿಂತಾ ಬಾಯಿ ಬಂದರು. ರಬ್ಬರ್ ಚಪ್ಪಲಿ ಹಾಕಿದ್ದ ಉಮಾನಾಥ ಎರಡು ಸ್ವರ ನುಡಿಸಿ ತೋರಿಸಿದ. ತಮ್ಮನ ಗಿಟಾರು ಹತ್ತು ವರ್ಷದ ಮೇಲೆ ದನಿ ತೆಗೆದದ್ದು ಕೇಳಿ ಅವರು ಕಣ್ಣೀರು ಹಾಕಿದರು. “ದೇವರು ನಿನ್ನ ಕೈಗೆ ಒಳ್ಳೇದು ಮಾಡ್ಲಿ” ಎಂದು ಅವನ ಕೈ ಹಿಡಿದುಕೊಂಡರು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಸೆಟ್ ಹೋಯಿತು. ಹನ್ನೊಂದೂವರೆಗೆ ಅಂಗಡಿ ಬೀದಿಯ ಕರೆಂಟೂ ಹೋಯಿತು. ಫ್ಯಾನು ನಿಂತಿತು. ರಸ್ತೆಯಲ್ಲಿ ಭಾನುವಾರದ ಮೌನ. ಕುರ್ಚಿಯಲ್ಲಿ ಕೂತಿದ್ದ ಮಾಸ್ಟ್ರು ಮೆಲ್ಲಗೆ ತಲೆ ಎತ್ತಿದರು.

“ಉಮಾನಾಥ, ಯಾವ ಸೆಟ್ ಹಾಕಿದ್ದೀ? ಗುಂಯ್ ಅಂತ ಉಂಟಲ್ಲ. ಆಫ್ ಮಾಡು.”

ಉಮಾನಾಥ ಗಕ್ಕನೆ ತಿರುಗಿದ. ಪಟಾಕಿಯೂ ಕೇಳದ ಕಿವಿ ಅದು. “ಕರೆಂಟೇ ಇಲ್ಲ ಮಾಸ್ಟ್ರೇ” ಎಂದ.

“ಇಲ್ಲ, ಉಂಟು. ನನಗೆ ಕೇಳ್ತದೆ.”

ಮುದುಕ ಎದ್ದರು. ಗೋಡೆಯುದ್ದಕ್ಕೂ ಪೇರಿಸಿದ್ದ ಸೆಟ್ಟುಗಳ ಮೇಲೆ ಒಂದೊಂದಾಗಿ ಅಂಗೈ ಇಟ್ಟರು. ಇದಲ್ಲ. ಇದೂ ಅಲ್ಲ. ಗಿಟಾರುಗಳನ್ನು ಮುಟ್ಟಿ ನೋಡಿದರು. ಬೆಂಚನ್ನು ಮುಟ್ಟಿದರು. ಕೊನೆಗೆ ಉಮಾನಾಥನ ಎದುರು ಬಂದು ನಿಂತು, ಅವನ ಅಂಗಿಯ ಜೇಬಿನ ಮೇಲೆ ಕೈ ಇಟ್ಟರು.

“ಇಲ್ಲಿಂದ.”

ಉಮಾನಾಥ ಜೇಬಿಗೆ ಕೈ ಹಾಕಿದ. ಹಸಿರು ತುಂಡು ಬೆರಳ ನಡುವೆ ನಡುಗುತ್ತಿತ್ತು, ಮುಷ್ಟಿಯಲ್ಲಿ ಹಿಡಿದ ದುಂಬಿಯ ಹಾಗೆ. ಈಗ ಅವನಿಗೂ ಕೇಳಿಸಿತು. ನಿನ್ನೆ ಸೆಟ್ಟಿನಲ್ಲಿದ್ದ ಅದೇ ಗುಂಯ್.

ಮಾಸ್ಟ್ರು ಬೈಯಲಿಲ್ಲ. ಶೆಲ್ಫಿನಿಂದ ಡಬ್ಬಿ ಇಳಿಸಿ, ಹುರಿ ಬಿಚ್ಚಿ, ಒಳಗಿದ್ದುದನ್ನು ತೋರಿಸಿದರು. ಅಲ್ಲಿಯೂ ಒಂದು ವಯರಿನ ತುಂಡು ಇತ್ತು. ಹಸಿರು ಮಾಸಿ ಬೂದುಬಣ್ಣವಾಗಿತ್ತು. ಅದೂ ನಡುಗುತ್ತಿತ್ತು. ಡಬ್ಬಿಯ ತಗಡು ಅದಕ್ಕೆ ಸಣ್ಣಗೆ ಕಟಕಟ ಎನ್ನುತ್ತಿತ್ತು.

“ಲಾದ್ರು ಅಂತ ನನ್ನ ಗೆಳೆಯ ಇದ್ದ” ಎಂದರು ಮಾಸ್ಟ್ರು. “ಅವನ ಸೆಟ್ಟಿನದ್ದು ಇದು. ನಾನೂ ನಿನ್ನ ಹಾಗೆಯೇ ತೆಗೆದು ಜೇಬಿಗೆ ಹಾಕಿದೆ. ಸ್ಟೇಜು ಮರದ್ದೇ ಇತ್ತು, ಅವನ ಕಾಲಲ್ಲಿ ಬೂಟ್ಸೂ ಇತ್ತು. ಗಿಟಾರಿನ ತಂತಿ ಹಿಡಿದುಕೊಂಡು ಹಾಡ್ಲಿಕ್ಕೆ ಹೋದ. ಮೈಕಿಗೆ ತುಟಿ ತಾಗಿತು. ಮೈಕಿಗೆ ಅರ್ಥಿಂಗ್ ಇತ್ತು. ಸೋರಿದ್ದೆಲ್ಲ ಅವನ ಮೈಯಲ್ಲೇ ನೆಲಕ್ಕೆ ಇಳಿಯಿತು. ನಲವತ್ತೊಂದು ವರ್ಷ ಆಯ್ತು. ಲೋಕದ ಯಾವ ಸದ್ದೂ ನನಗೆ ಕೇಳುವುದಿಲ್ಲ ಮಗಾ. ಇದೊಂದು ಕೇಳ್ತದೆ.”

ಉಮಾನಾಥ ಗಡಿಯಾರ ನೋಡಿದ. ಹನ್ನೊಂದು ಐವತ್ತು. ಹನ್ನೆರಡಕ್ಕೆ ಮೊದಲ ಹಾಡು. ಫೋನ್ ಮಾಡಿದ. ಮದುವೆ ಮನೆಯ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಸ್ಕೂಟರ್ ಹತ್ತಿ ಹೋದ. ದಾರಿಯುದ್ದಕ್ಕೂ ಜೇಬಿನ ತುಂಡು ಅವನ ಎದೆಗೆ ಒತ್ತಿ ಗುಂಯ್ ಎನ್ನುತ್ತಲೇ ಇತ್ತು. ಮದುವೆ ಹಾಲ್ ಹತ್ತಿರವಾದಷ್ಟೂ ಜೋರಾಯಿತು.

ಅವನು ಒಳಗೆ ನುಗ್ಗಿದಾಗ ಜೆಸಿಂತಾ ಬಾಯಿ ರೇಷ್ಮೆ ಸೀರೆಯಲ್ಲಿ, ತಮ್ಮನ ಗಿಟಾರ್ ಹೆಗಲಿಗೆ ಹಾಕಿಕೊಂಡು ಸ್ಟೇಜಿನ ಮೇಲೆ ನಿಂತಿದ್ದರು. ಬೆರಳು ತಂತಿಯ ಮೇಲಿತ್ತು. ಎದುರು ಮದುಮಗಳು ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಜೆಸಿಂತಾ ಬಾಯಿ ಹಾಡಲೆಂದು ಮೈಕಿನ ಕಡೆ ಬಾಗಿದರು. ಉಮಾನಾಥ ಕೂಗಿದ. ಡ್ರಮ್ಮಿನ ಸದ್ದಿನಲ್ಲಿ ಅದು ಎಲ್ಲಿಗೆ ಕೇಳಬೇಕು? ತುಟಿಗೂ ಮೈಕಿಗೂ ನಡುವೆ ಎರಡು ಬೆರಳಿನ ಜಾಗ ಉಳಿದಿತ್ತು.

ಅವನು ಸ್ಟೇಜಿನ ಬದಿಗೆ ಬಿದ್ದು, ಬೋರ್ಡಿನಿಂದ ಸೆಟ್ಟಿನ ಪ್ಲಗ್ಗನ್ನು ಕಿತ್ತುಬಿಟ್ಟ.

ಎಲ್ಲವೂ ನಿಂತಿತು. ಮುನ್ನೂರು ಜನ ತಿರುಗಿ ನೋಡಿದರು. “ಯಾರವನು? ಕುಡಿದಿದ್ದಾನಾ?” ಎಂದರು ಒಬ್ಬರು. ಉಮಾನಾಥ ಎದ್ದು ನಿಂತ. ಜೇಬಿನಿಂದ ಹಸಿರು ತುಂಡನ್ನು ತೆಗೆದು ಎಲ್ಲರ ಎದುರು ಎತ್ತಿ ಹಿಡಿದ.

“ಬಾಯಿ, ಇದನ್ನು ನಿಮ್ಮ ಸೆಟ್ಟಿನಿಂದ ತೆಗೆದದ್ದು ನಾನು. ನಿಮಗೆ ತೋರಿಸ್ಲಿಲ್ಲ. ಸದ್ದು ನಿಲ್ಲಿಸ್ಲಿಕ್ಕೆ ನನಗೆ ಆಗ್ಲಿಲ್ಲ, ಅದಕ್ಕೆ ಕತ್ತರಿಸಿದೆ. ನೀವು ಮೈಕಿಗೆ ತಾಗಿದ್ರೆ ಸಾಯ್ತಿದ್ರಿ.”

ಎಲ್ಲರನ್ನೂ ದೂರ ನಿಲ್ಲಿಸಿ, ಗಿಟಾರನ್ನು ಕುರ್ಚಿಯ ಮೇಲೆ ಮಲಗಿಸಿ, ಪ್ಲಗ್ಗು ಮತ್ತೆ ಚುಚ್ಚಿ, ತಂತಿಗೆ ಟೆಸ್ಟರ್ ಮುಟ್ಟಿಸಿದ. ಕೆಂಪು ಬಲ್ಬು ಹೊತ್ತಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಶಿಲುಬೆಯ ಗುರುತು ಹಾಕಿಕೊಂಡರು. ಉಮಾನಾಥ ಪ್ಲಗ್ಗನ್ನು ಮತ್ತೆ ಕಿತ್ತು ಕೈಯಲ್ಲೇ ಹಿಡಿದುಕೊಂಡ.

ಜೆಸಿಂತಾ ಬಾಯಿ ಅವನ ಹತ್ತಿರ ಬಂದರು. ಕೂಗಾಡಲಿಲ್ಲ.

“ಗುಂಯ್ ಅಂದ್ರೆ ನನಗೆಂತ ಆಗ್ತಿತ್ತು ಮಾರಾಯಾ?” ಎಂದರು. “ತಮ್ಮ ಇದ್ದಾಗಲೂ ಅದು ಗುಂಯ್ ಅಂತಿತ್ತು. ನೀನು ಹೇಳಿದ್ರೆ ಸೆಟ್ ಬಿಟ್ಟು ಬರಿಗೈಯಲ್ಲೇ ಹಾಡ್ತಿದ್ದೆ.”

ಹಾಗೆಯೇ ಹಾಡಿದರು. ಕುರ್ಚಿಯ ಮೇಲೆ ತಮ್ಮನ ಗಿಟಾರು ಸುಮ್ಮನೆ ಮಲಗಿತ್ತು. ಮದುಮಗಳು ಬಂದು ಅದರ ಪಕ್ಕದಲ್ಲಿ ಕೂತಳು. ಆಗ ಉಮಾನಾಥನಿಗೆ ತಿಳಿಯಿತು, ಕೈಯಲ್ಲಿದ್ದ ತುಂಡು ಯಾವಾಗಲೋ ಸುಮ್ಮನಾಗಿತ್ತು. ಅದು ಈಗ ಬರೀ ವಯರು.

ಅಂಗಡಿಗೆ ಮರಳಿ, ಅದನ್ನು ಮಾಸ್ಟ್ರ ಅಂಗೈಯಲ್ಲಿ ಇಟ್ಟ. ಅವರು ಮುಷ್ಟಿ ಮುಚ್ಚಿ ನೋಡಿದರು.

“ನಿಂತಿತು” ಎಂದರು. ಅವರ ಮುಖ ಅರಳಿತು.

ಉಮಾನಾಥ ಡಬ್ಬಿಯ ಕಡೆ ಕೈ ತೋರಿಸಿದ. “ಅದು?”

ಮಾಸ್ಟ್ರು ಡಬ್ಬಿ ಮುಚ್ಚಿ ಹುರಿ ಸುತ್ತತೊಡಗಿದರು. ತಗಡು ಇನ್ನೂ ಕಟಕಟ ಎನ್ನುತ್ತಿತ್ತು.

“ನೀನು ಜೆಸಿಂತಾ ಬಾಯಿಯ ಹತ್ತಿರ ಹೇಳಿದೆ, ನಿಂತಿತು. ನಾನು ಲಾದ್ರುವಿಗೆ ಹೇಳ್ಬೇಕಿತ್ತು. ಎಲ್ಲಿ ಹೋಗಿ ಹೇಳ್ಲಿ?”

ನೀತಿ: ದೋಷವನ್ನು ಸರಿಪಡಿಸುವುದು ಬೇರೆ, ದೋಷದ ಬಾಯಿ ಮುಚ್ಚಿಸುವುದು ಬೇರೆ. ‘ನನ್ನಿಂದ ಆಗಲಿಲ್ಲ’ ಎಂದರೆ ಮರ್ಯಾದೆ ಒಂದು ದಿನ ಹೋದೀತು. ಮುಚ್ಚಿಟ್ಟರೆ ಹೋಗುವುದು ಇನ್ನೊಬ್ಬರ ಜೀವ. ತಪ್ಪು ಮಾಡಿದ್ದರೆ, ಯಾರಿಗೆ ಹೇಳಬೇಕೋ ಅವರು ಬದುಕಿರುವಾಗಲೇ ಹೋಗಿ ಹೇಳಿ.