ಪರದೆಗೆ ಹತ್ತಿದ ಮೊಸಳೆ

ಕಳೆದ ಭಾನುವಾರ ಮಧ್ಯಾಹ್ನ ವನಮಾಲಾ ಟೀಚರ್ ತಮ್ಮ ಫೋನಿನ ವಾಲ್‌ಪೇಪರಿಗೆಂದು ನದಿ ದಡದಲ್ಲಿ ಮಲಗಿದ್ದ ಮೊಸಳೆಯ ಫೋಟೊ ಆರಿಸಿದರು. ನೋಡಿದವರೆಲ್ಲ ಬೆಚ್ಚಿಬೀಳಬೇಕು ಎಂಬುದೊಂದೇ ಮೊಸಳೆಯ ಆಸೆಯಾಗಿತ್ತು.

“ಮೊಸಳೆರಾಯರೇ, ನಾನು ಉದ್ದಕ್ಕೆ ನಿಂತವಳು, ನೀವು ಅಡ್ಡಕ್ಕೆ ಮಲಗಿದವರು,” ಎಂದಿತು ಫೋನಿನ ಪರದೆ. “ಬಾಯಷ್ಟೇ ಇಟ್ಟು ಉಳಿದದ್ದನ್ನು ಕತ್ತರಿಸೋಣ. ನನ್ನ ತುಂಬ ಹಲ್ಲೇ ಹಲ್ಲು!”

“ಬಾಲವಿಲ್ಲದ ಮೊಸಳೆಗೆ ಯಾರಮ್ಮಾ ಹೆದರುತ್ತಾರೆ?” ಮೊಸಳೆ ಗುಡುಗಿತು. “ನಾನು ಪೂರ್ತಿ ಬರಬೇಕು. ಒಂದು ಕೂದಲೆಳೆಯಷ್ಟೂ ಬಿಡಕೂಡದು.”

“ನಿಮ್ಮಿಷ್ಟ,” ಎಂದ ಪರದೆ ಅದನ್ನು ತನ್ನ ಅಗಲಕ್ಕೆ ಹಿಡಿಸುವಷ್ಟು ಕುಗ್ಗಿಸಿತು.

ಟೀಚರ ಅತ್ತೆ ಬಂದು ಮೇಜಿನ ಮೇಲಿದ್ದ ಫೋನನ್ನು ನೋಡಿದರು. ಮೊಸಳೆ ಬಾಯಿ ಇನ್ನಷ್ಟು ಅಗಲಿಸಿತು.

“ವನಮಾಲಾ, ಹಲ್ಲಿ ಬಿದ್ದಿದೆ ಕಣೇ, ಪೊರಕೆ ತಾ!” ಎಂದು ಅತ್ತೆ ಕೂಗಿದರು.

ಮೂತಿಯಿಂದ ಬಾಲದ ತುದಿಯವರೆಗೆ ಮೊಸಳೆಯ ಉದ್ದ ಆರೂವರೆ ಸೆಂಟಿಮೀಟರ್.