ತವನಪ್ಪ ವಸ್ತಾದರು ಬಿದ್ದ ದಿನ

ಹೊಳೆಯ ದಂಡೆಯಲ್ಲೊಂದು ಗರಡಿ ಮನೆ. ತವನಪ್ಪ ಎಂಬ ಹಳೆಯ ಪೈಲ್ವಾನರು ಅಲ್ಲಿ ನಲವತ್ತು ವರ್ಷ ಕುಸ್ತಿ ಕಲಿಸಿದರು. ಗರಡಿಯ ಗುರುವಿಗೆ ಆ ಕಡೆ ವಸ್ತಾದ ಎನ್ನುತ್ತಾರೆ. ಹಾಗಾಗಿ ಊರಿಗೆಲ್ಲ ಅವರು ವಸ್ತಾದರು.

ಬಲ ಮೊಣಕಾಲು ಮಾತು ಕೇಳದಂತಾದಾಗ ಅವರು ಗರಡಿಯ ಕೀಲಿಯನ್ನು ಶಿಷ್ಯ ಅಡಿವೆಪ್ಪನ ಕೈಗಿಟ್ಟರು. ತಾವು ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತರು.

ಅಡಿವೆಪ್ಪನಿಗೆ ಆಗ ಇಪ್ಪತ್ತಾರು. ಮೈಯಲ್ಲಿ ಕಸುವಿತ್ತು, ದನಿಯಲ್ಲಿ ಗುಡುಗಿತ್ತು. ಹದಿನಾಲ್ಕು ಮಕ್ಕಳು ಅವನ ಕೈಕೆಳಗೆ ಪಳಗುತ್ತಿದ್ದರು.

ಅವರಲ್ಲಿ ಸಾವಂತ್ರಿ ಎಂಬ ಹದಿಮೂರರ ಹುಡುಗಿಯ ಮೇಲೆ ಅವನಿಗೆ ಎಲ್ಲಿಲ್ಲದ ಭರವಸೆ. ಅವಳು ಎದುರಾಳಿಯ ಕಾಲು ಹಿಡಿದಳೆಂದರೆ ಬಿಡಿಸಿಕೊಳ್ಳುವುದು ಹುಡುಗರಿಂದಲೂ ಆಗುತ್ತಿರಲಿಲ್ಲ. ಜಿಲ್ಲೆಯ ಮಕ್ಕಳ ಕುಸ್ತಿಗೆ ಇನ್ನು ಒಂದೇ ತಿಂಗಳು ಉಳಿದಿತ್ತು. ಅಡಿವೆಪ್ಪ ಮಲಗಿದರೂ ಎದ್ದರೂ ಅದನ್ನೇ ಕಾಣುತ್ತಿದ್ದ.

ಬೆಳಗಾದರೆ ಗರಡಿಯಲ್ಲಿ ಅವನ ದನಿಯೊಂದೇ.

"ತಿಂದ ರೊಟ್ಟಿ ಎಲ್ಲಿ ಹೋತು?"

"ನಾಚಿಕಿ ಬರಂಗಿಲ್ಲೇನು ನಿಮಗ?"

"ಹುಲಿ ಆಗ್ರಿ ಅಂದ್ರ ಇಲಿ ಆಗಾಕತ್ತೀರಲ್ಲೋ!"

ಒಂದು ದಿನ ಪಕ್ಕದ ಊರಿನ ಗರಡಿಯ ಮಕ್ಕಳು ಜೋಡಿ ಹಿಡಿಯಲು ಬಂದರು. ಸಾವಂತ್ರಿ ಅವರಲ್ಲೊಬ್ಬ ಎತ್ತರದ ಹುಡುಗಿಯ ಎದುರು ಸೋತಳು.

ಎರಡೂ ಗರಡಿಯವರ ಮುಂದೆ ಅಡಿವೆಪ್ಪ ಅಂದ: "ನಿನ್ನ ಮ್ಯಾಲ ಭರವಸೆ ಇಟ್ಟ ನಾನು ಹುಚ್ಚ."

ಸಾವಂತ್ರಿ ತಲೆಗೂದಲಿನ ಮಣ್ಣು ಕೊಡವಿಕೊಂಡು ಹೊರಗೆ ನಡೆದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನ ಅವಳ ಗೆಳತಿಯರಿಬ್ಬರು ಬರಲಿಲ್ಲ. ವಾರ ಕಳೆಯುವುದರೊಳಗೆ ಗರಡಿಯಲ್ಲಿ ಆರೇ ಮಕ್ಕಳು ಉಳಿದರು. ಅವರೂ ಬಾಗಿಲ ಕಡೆ ನೋಡುತ್ತಲೇ ಬೈಠಕ್ ಹೊಡೆಯುತ್ತಿದ್ದರು.

ಅಡಿವೆಪ್ಪ ಹೊಳೆಗೆ ಹೋದ. ವಸ್ತಾದರು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

"ವಸ್ತಾದ್ರ, ಈ ಹುಡುಗರೊಳಗ ಕಿಚ್ಚಿಲ್ಲ."

"ಇಲ್ಲೇನು?"

"ಇಲ್ಲ್ರಿ. ಎಷ್ಟು ಒದರಿದ್ರೂ ಏಳವಲ್ರು. ಕಿಚ್ಚು ಹಚ್ಚೂದು ಹ್ಯಾಂಗ, ಅದೊಂದು ಹೇಳ್ರಿ."

"ಈಗ ಹ್ಯಾಂಗ ಹಚ್ಚಾಕತ್ತೀದಿ?"

"ನೀವು ನಮಗ ಹಚ್ಚಿದಂಗ. ಬೈದು. ನಿಮ್ಮ ಬೈಗಳಾ ತಿಂದೇ ಅಲ್ಲೇನ್ರಿ ನಾ ಪೈಲ್ವಾನ ಆದದ್ದು?"

ವಸ್ತಾದರು ನೀರನ್ನೇ ನೋಡುತ್ತಿದ್ದರು.

"ನಿನ್ನ ವಾರಗಿಯವರು ಎಷ್ಟು ಮಂದಿ ಇದ್ರಿ?"

"ಹದಿನಾರು ಮಂದಿ."

"ಅದರಾಗ ಇವತ್ತಿಗೂ ಗರಡಿ ತುಳಿಯಾವ್ರು?"

"ನಾ ಒಬ್ಬನ."

"ಉಳದ ಹದಿನೈದು ಮಂದಿ ಸಂತಿಯೊಳಗ ನನ್ನ ಕಂಡ್ರ ಬ್ಯಾರೆ ಓಣಿ ಹಿಡೀತಾರ." ವಸ್ತಾದರ ದನಿ ಕೆಳಗಿಳಿಯಿತು. "ನೀ ಯಾವ ಬೈಗಳಕ್ಕೂ ಬಗ್ಗಲಾರದಾವ, ಉಳದಿ. ಅದನ್ನ ನಾ ನನ್ನ ಹೆಚ್ಚುಗಾರಿಕಿ ಅಂತ ತಿಳಕೊಂಡೆ."

ಗುರುವಿನ ಬಾಯಲ್ಲಿ ಇಂಥ ಮಾತು ಅಡಿವೆಪ್ಪ ಕೇಳಿದ್ದೇ ಇಲ್ಲ.

"ಹಂಗಾರ ನಾ ಏನ್ ಮಾಡ್ಲಿ?"

"ನಾಳೆ ಮುಂಜಾನೆ ಎಲ್ಲಾ ಹುಡುಗರನ್ನ ಕರಿ. ಬಿಟ್ಟು ಹೋದವರನ್ನೂ ಕರಿ. ನಿನಗೂ ನನಗೂ ಕುಸ್ತಿ ಐತಿ ಅಂತ ಹೇಳು."

ಅಡಿವೆಪ್ಪ ನಕ್ಕುಬಿಟ್ಟ. ವಸ್ತಾದರು ನಗಲಿಲ್ಲ.

"ನಿಮಗ ಎಪ್ಪತ್ತೊಂದು ವರ್ಷ, ವಸ್ತಾದ್ರ!"

"ಹಂಗಾರ ನೀನ ಗೆಲ್ತಿ. ಅಂಜಿಕಿ ಯಾಕ?"

ಸುದ್ದಿ ಬೆಂಕಿಯಂತೆ ಓಣಿ ಓಣಿ ಹಬ್ಬಿತು. ಬೆಳಗಾಗುವುದರೊಳಗೆ ಗರಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹದಿನಾಲ್ಕಕ್ಕೆ ಹದಿನಾಲ್ಕೂ ಮಕ್ಕಳು ಬಂದರು, ಜೊತೆಗೆ ತಮ್ಮ-ತಂಗಿಯರನ್ನೂ ಕರೆತಂದರು.

ಸಾವಂತ್ರಿಯೂ ಬಂದಳು. ಒಳಗೆ ಮಾತ್ರ ಬರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಹತ್ತಿ ಕೂತು ಕೈ ಕಟ್ಟಿಕೊಂಡಳು.

"ನೋಡಾಕ ಬಂದೀನಿ, ಅಷ್ಟ," ಎಂದಳು ಯಾರೂ ಕೇಳದಿದ್ದರೂ.

ವಸ್ತಾದರು ಲಂಗೋಟಿ ಬಿಗಿದು ಅಖಾಡಕ್ಕಿಳಿದರು. ಕೆಂಪು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಮೈ ಬತ್ತಿತ್ತು, ಗಡ್ಡ ಬೆಳ್ಳಗಾಗಿತ್ತು. ಆದರೆ ಅವರು ತೊಡೆ ತಟ್ಟಿದ ಸದ್ದಿಗೆ ಮಾಡಿನ ಪಾರಿವಾಳಗಳು ಪಟಪಟ ಹಾರಿದವು.

ಮಕ್ಕಳ ಕಡೆ ತಿರುಗಿ ಅವರು ಹೇಳಿದರು: "ಅಡಿವೆಪ್ಪ ದಿನಾ ನಿಮಗ ಏನೇನ್ ಅಂತಾನಲ್ಲ, ಇವತ್ತ ಅದನ್ನೆಲ್ಲ ನೀವು ಅವಗ ಅನ್ರಿ. ಒಂದೂ ಬಿಡಬ್ಯಾಡ್ರಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಧೈರ್ಯ ಬರಲಿಲ್ಲ.

ಎಲ್ಲರಿಗಿಂತ ಚಿಕ್ಕವನಾದ ಮೌಲಾ ಎಂಬ ಹುಡುಗ ಸಣ್ಣ ದನಿಯಲ್ಲಿ ಶುರು ಮಾಡಿದ: "ತಿಂದ ರೊಟ್ಟಿ ಎಲ್ಲಿ ಹೋತು?"

ಗರಡಿಯೆಲ್ಲ ನಗೆಯಲ್ಲಿ ಮುಳುಗಿತು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ.

"ನಾಚಿಕಿ ಬರಂಗಿಲ್ಲೇನು?"

"ಮುದುಕರ ಎದುರು ನಿಂದ್ರಾಕ ಆಗವಲ್ದು, ನೀ ಎಂಥಾ ಪೈಲ್ವಾನ?"

"ಹುಲಿ ಆಗು ಅಂದ್ರ ಇಲಿ ಆಗಾಕತ್ತೀಯಲ್ಲೋ!"

ಅಡಿವೆಪ್ಪ ಮೊದಮೊದಲು ತಾನೂ ನಗುತ್ತಲೇ ಕೈ ಹಾಕಿದ. ಆದರೆ ಅವು ಅವನವೇ ಮಾತು, ಅವನದೇ ರಾಗ, ಕೊನೆಯಲ್ಲಿ ಎಳೆಯುವ ಎಳೆತವೂ ಅವನದೇ. ಕಿವಿ ಬಿಸಿಯಾಯಿತು. ಹೀಗೆ ಅಂದವರು ಯಾರು ಎಂದು ಒಮ್ಮೆ ತಿರುಗಿ ನೋಡಿದ. ಇನ್ನೊಮ್ಮೆ ತಿರುಗಿದ. ತೋರಿಸುತ್ತೇನೆ ಇವರಿಗೆ ಎಂದುಕೊಂಡ. ಹಲ್ಲು ಕಚ್ಚಿ, ತಲೆ ತಗ್ಗಿಸಿ ಗುರುವಿನ ಮೇಲೆ ನುಗ್ಗಿದ.

ವಸ್ತಾದರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಅವನ ಮಣಿಕಟ್ಟು ಹಿಡಿದು, ಅವನು ಹೊರಟ ದಿಕ್ಕಿಗೇ ಇನ್ನಷ್ಟು ಎಳೆದುಬಿಟ್ಟರು.

ಬೆನ್ನು ಮಣ್ಣಿಗೆ ಹತ್ತಿದ ಅಡಿವೆಪ್ಪನ ಕಣ್ಣಿಗೆ ಮಾಡಿನ ತೊಲೆ ಕಂಡಿತು.

"ಚಿತ್! ಚಿತ್!" ಮಕ್ಕಳು ಕುಣಿದಾಡಿದರು.

ವಸ್ತಾದರು ಏದುಸಿರು ಬಿಡುತ್ತ ಅವನ ಮೇಲೆ ಬಾಗಿದರು. "ಯಾರ ಜೋಡಿ ಕುಸ್ತಿ ಹಿಡದಿದ್ದಿ?"

"ನಿಮ್ಮ ಜೋಡಿ." ಅಡಿವೆಪ್ಪ ಎದ್ದು ಕೂತ. ಕೂತವನು ತಲೆ ಅಲ್ಲಾಡಿಸಿದ. "ಅಲ್ಲ್ರಿ. ಅವರ ಮಾತಿನ ಜೋಡಿ."

"ಏಳು. ಇನ್ನೊಂದ್ ಸಲ."

ವಸ್ತಾದರು ಮತ್ತೆ ಮಕ್ಕಳ ಕಡೆ ತಿರುಗಿದರು. "ನಿಮ್ಮನ್ನ ಯಾರರ ಎತ್ತಿ ಒಗೆಯಾಕ ಬಂದಾಗ ಯಾವ ಮಾತು ಕಿವಿಗೆ ಬಿದ್ರ ಚಲೋ ಅನಸ್ತೈತಿ? ಈಗ ಅದನ್ನ ಹೇಳ್ರಿ."

ಅಂಥ ಮಾತು ಮಕ್ಕಳಿಗೆ ರೂಢಿಯಿರಲಿಲ್ಲ.

ಎರಡನೆಯ ಕುಸ್ತಿ ಮೌನದಲ್ಲೇ ಶುರುವಾಯಿತು. ಕಾಲು ಮಣ್ಣಿಗೆ ತಿಕ್ಕುವ ಸದ್ದು, ಉಸಿರಿನ ಸದ್ದು, ಇಷ್ಟೇ. ಅಡಿವೆಪ್ಪನ ಕಾಲು ನಾಚಿಕೆಗೆ ಭಾರವಾಗಿದ್ದವು. ವಸ್ತಾದರ ತೋಳು ಅವನ ಕುತ್ತಿಗೆಯ ಮೇಲೆ ಬಿತ್ತು, ಬಿಗಿಯಿತು. ಅವನ ಮೊಣಕಾಲು ಬಾಗತೊಡಗಿದವು. ಇನ್ನೇನು ಮತ್ತೊಮ್ಮೆ ಬಿದ್ದೆ ಎಂದುಕೊಂಡ.

"ಅಣ್ಣಾ, ಉಸಿರು ಬಿಡ್ರಿ!"

ಕಿಟಕಿಯ ಕಡೆಯಿಂದ ಬಂದ ದನಿ. ಸಾವಂತ್ರಿಯದು.

ತಾನು ಉಸಿರು ಕಟ್ಟಿಕೊಂಡಿದ್ದೇನೆ ಎಂಬುದೇ ಅಡಿವೆಪ್ಪನಿಗೆ ಗೊತ್ತಿರಲಿಲ್ಲ. ಬಿಟ್ಟ. ಎದೆ ಹಗುರಾಯಿತು, ಕಾಲಿಗೆ ನೆಲ ಸಿಕ್ಕಿತು.

"ಅವರ ಬಲಗಾಲು ನೋಡ್ರಿ! ಅದರ ಮ್ಯಾಲ ಭಾರ ಹಾಕವಲ್ರು!"

ಅವಳು ಕಟ್ಟೆಯಿಂದ ಜಿಗಿದಿದ್ದಳು. ಅಖಾಡದ ಅಂಚಿಗೆ ಬಂದು, ಎರಡೂ ಮುಷ್ಟಿ ಬಿಗಿದು, ತುದಿಗಾಲಲ್ಲಿ ನಿಂತಿದ್ದಳು.

"ಅವಸರ ಬ್ಯಾಡ ಅಣ್ಣಾ, ಇನ್ನಾ ಹೊತ್ತೈತಿ!" ಮೌಲಾ ಕೂಗಿದ.

"ಕೈ ಸಡಲ ಆತು, ಈಗ ಹೊಳ್ಳಿಸ್ರಿ!"

"ಹಂಗ! ಹಂಗ! ಹಂಗ ಅಣ್ಣಾ!"

ಹದಿನಾಲ್ಕು ಮಕ್ಕಳೂ ಅವನ ಜೊತೆ ಅಖಾಡದಲ್ಲೇ ಇದ್ದಂತಾಯಿತು ಅಡಿವೆಪ್ಪನಿಗೆ. ಮೈಯ ರೋಮವೆಲ್ಲ ಎದ್ದು ನಿಂತಿತು. ಸರ್ರನೆ ಹೊರಳಿದ, ಬಲಗಡೆಯಿಂದ ಒಳಹೊಕ್ಕ, ಗುರುವಿನ ಸೊಂಟಕ್ಕೆ ತೋಳು ಸುತ್ತಿ ಎತ್ತಿಯೇಬಿಟ್ಟ.

ಎತ್ತಿದವನು ಹಾಗೇ ನಿಂತ. ಹನ್ನೊಂದನೆಯ ವಯಸ್ಸಿನಿಂದ ಪಾದ ಮುಟ್ಟಿದ ಗುರು ಅವನ ತೋಳಿನಲ್ಲಿದ್ದರು.

"ಒಗಿಯೋ ಮಗನ!" ಗುರು ಗುಡುಗಿದರು.

ಅಡಿವೆಪ್ಪ ಒಗೆದ.

ಧೂಳೆದ್ದಿತು. ವಸ್ತಾದರು ಬೆನ್ನು ಕೆಳಗಾಗಿ, ಗಡ್ಡದ ತುಂಬ ಕೆಂಪು ಮಣ್ಣಾಗಿ ಬಿದ್ದಿದ್ದರು.

ಆಗ ಅವರ ಹೊಟ್ಟೆ ಕುಲುಕಿತು. ನಗುತ್ತಿದ್ದರು.

"ಬಿದ್ದೆ! ಶಿಷ್ಯಾನ ಕೈಯಾಗ ಬಿದ್ದೆನೋ!"

ಮಕ್ಕಳು ಕಟ್ಟೆಯೊಡೆದ ನೀರಿನಂತೆ ಅಖಾಡಕ್ಕೆ ನುಗ್ಗಿದರು. ಯಾರು ಯಾರ ಮೇಲೆ ಬಿದ್ದರೋ, ಯಾರು ಯಾರನ್ನು ಎತ್ತಿದರೋ ಲೆಕ್ಕವಿಲ್ಲ. ಅಡಿವೆಪ್ಪ ಅವರ ನಡುವೆ ದಾರಿ ಮಾಡಿಕೊಂಡು ಗುರುವಿನ ಹತ್ತಿರ ಓಡಿದ.

"ನೋವಾತೇನ್ರಿ?"

"ಆತು. ಭಾಳ ಚಲೋ ಆತು. ನನ್ನ ಬಿಡು, ಅಕೀನ್ನ ನೋಡು."

ಸಾವಂತ್ರಿ ಹಿಮ್ಮಡಿಯವರೆಗೆ ಮಣ್ಣಿನಲ್ಲಿ ನಿಂತಿದ್ದಳು. ನೋಡಲು ಬಂದವಳೆಂಬುದು ಈಗ ತಾನೇ ನೆನಪಾದಂತೆ ಕಾಲು ನೋಡಿಕೊಳ್ಳುತ್ತಿದ್ದಳು.

ಅಡಿವೆಪ್ಪನ ಗುಡುಗಿನ ದನಿ ಎಲ್ಲೋ ಹೋಗಿತ್ತು. "ಅವತ್ತ ನಾ ಅಂದದ್ದು ತಪ್ಪಾತವ್ವಾ ಸಾವಂತ್ರಿ."

ಅವಳು ಹೆಬ್ಬೆರಳಿನಿಂದ ಮಣ್ಣು ಕೆದಕಿದಳು. "ನಾಳೆಯಿಂದ ಬರ್ಲೇನ್ರಿ?"

"ಇವತ್ತ ಬಂದೀಯಲ್ಲ."

ಅಂದಿನಿಂದ ಗರಡಿಯಲ್ಲಿ ಬಿದ್ದವರಿಗೆ ಅಡಿವೆಪ್ಪ ಒಂದೇ ಪ್ರಶ್ನೆ ಕೇಳತೊಡಗಿದ: "ಏನ್ ಕಂಡಿ?" ಬಿದ್ದವರು ಎದ್ದು ಕೂತು ಹೇಳಬೇಕು. ಉಳಿದವರು ಸುತ್ತ ಕೂತು ಕೇಳಬೇಕು. ಸುಲಭವೇನೂ ಆಗಿರಲಿಲ್ಲ ಅವನಿಗೆ. ದಿನಕ್ಕೆ ನಾಲ್ಕಾರು ಸಲ ಹಳೆಯ ಬೈಗುಳ ನಾಲಿಗೆಯ ತುದಿಗೇ ಬಂದು ನಿಲ್ಲುತ್ತಿತ್ತು. ಎರಡು ಸಲ ಹೊರಗೂ ಬಿತ್ತು. ಎರಡು ಸಲವೂ ಮಕ್ಕಳು ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ.

ಹೊಳೆಯ ಮೆಟ್ಟಿಲಿಗೆ ಈಗ ಮುಂಜಾನೆಯೇ ಗರಡಿಯ ಕೇಕೆ ಕೇಳಿಸುತ್ತಿತ್ತು. ಜಿಲ್ಲೆಯ ಕುಸ್ತಿಯ ಹೊತ್ತಿಗೆ ಹದಿನಾಲ್ಕು ಮಕ್ಕಳು ಹತ್ತೊಂಬತ್ತಾಗಿದ್ದರು.

ಜಿಲ್ಲೆಯ ಊರಿನಲ್ಲಿ ಮ್ಯಾಟ್ ಹಾಸಿ ಕುಸ್ತಿ ಇಟ್ಟಿದ್ದರು. ಸಾವಂತ್ರಿ ಮೂರು ಜೋಡಿ ಗೆದ್ದು ಕೊನೆಯ ಕುಸ್ತಿಗೆ ಬಂದಳು. ಎದುರಿಗೆ ನಿಂತವಳು ಅದೇ ಪಕ್ಕದ ಊರಿನ ಎತ್ತರದ ಹುಡುಗಿ.

ಅರ್ಧ ಆಟ ಮುಗಿಯುವಾಗ ಸಾವಂತ್ರಿ ಐದು ಅಂಕ ಹಿಂದಿದ್ದಳು. ಸೀಟಿ ಊದಿದರು. ಅರ್ಧ ನಿಮಿಷದ ಬಿಡುವು.

ಅವಳು ಮೂಲೆಗೆ ಬಂದಾಗ ಅಡಿವೆಪ್ಪನ ಹಳೆಯ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಬೆನ್ನ ಹಿಂದಿನ ಬೆಂಚಿನ ಮೇಲೆ ವಸ್ತಾದರು ಕೂತಿದ್ದರು.

ಅಡಿವೆಪ್ಪ ಮಂಡಿಯೂರಿ ಕೂತ. ಟವೆಲ್ಲಿನಿಂದ ಅವಳ ಮುಖ ಒರೆಸಿದ.

"ಏನ್ ಕಾಣಾಕತ್ತೈತಿ?"

ಸಾವಂತ್ರಿಯ ಕಣ್ಣು ಮಿಂಚಿದವು. "ಅಕಿ ಕೈ ಹಾಕೂಕಿಂತ ಮೊದಲ ಎಡ ಭುಜಾ ಇಳಸ್ತಾಳ ಅಣ್ಣಾ. ಪ್ರತಿ ಸಲ!"

"ಇಳಸಿದ್ರ?"

"ಇಳಸಿದ ಕೂಡಲೆ ನಾ ಒಳಗ ಹೊಕ್ಕೇನಿ."

"ಹೋಗು."

ಎತ್ತರದ ಹುಡುಗಿ ಸುತ್ತುತ್ತ ಬಂದಳು. ಒಂದು ಸಲ ಕೈ ಚಾಚಿ ಹಿಂದೆಗೆದಳು. ಉಳಿದ ಹದಿನೆಂಟು ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದರು. ಎತ್ತರದ ಹುಡುಗಿ ಮತ್ತೆ ಸುತ್ತಿದಳು.

ಎಡ ಭುಜ ಇಳಿಯಿತು.

ಸಾವಂತ್ರಿ ಬಾಣದಂತೆ ಒಳಹೊಕ್ಕಳು. ಕಾಲು ಸಿಕ್ಕಿತು. ಸಿಕ್ಕ ಕಾಲನ್ನು ಅವಳು ಬಿಟ್ಟವಳೇ ಅಲ್ಲ. ಎತ್ತಿದಳು, ತಿರುವಿದಳು, ಇಬ್ಬರೂ ಒಟ್ಟಿಗೆ ಉರುಳಿದರು. ಎತ್ತರದ ಹುಡುಗಿಯ ಒಂದು ಭುಜ ಮ್ಯಾಟಿಗೆ ಹತ್ತಿತು. ಇನ್ನೊಂದು ಬೆರಳಷ್ಟು ಮೇಲಿತ್ತು. ಸಾವಂತ್ರಿ ಎದೆಯ ಭಾರವನ್ನೆಲ್ಲ ಹಾಕಿದಳು.

ತೀರ್ಪು ಕೊಡುವ ಪಂಚರು ಅಂಗೈಯಿಂದ ಮ್ಯಾಟನ್ನು ಬಡಿದರು. ಚಿತ್!

ಛಾವಣಿ ಹಾರಿಹೋಗುವಂತೆ ಕೇಕೆ ಎದ್ದಿತು. ಅಡಿವೆಪ್ಪ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿದ. ಮಕ್ಕಳು ಅವನ ಹಿಂದೆ, ಮೌಲಾ ಎಲ್ಲರಿಗಿಂತ ಮುಂದೆ. ಅಂಗಳ ಮೂರು ಸುತ್ತು ಸುತ್ತಿದರು. ಅಡಿವೆಪ್ಪ ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯದು.

ಅವಳನ್ನು ಇಳಿಸಿ ಅವನು ನೇರ ಗುರುವಿನ ಹತ್ತಿರ ಬಂದು ಪಾದಕ್ಕೆ ಬಿದ್ದ.

"ವಸ್ತಾದ್ರ! ನಾ ಒದರ್ಲಿಲ್ಲ! ನೋಡಿದ್ರಿ ಇಲ್ಲೋ? ಒಂದು ಮಾತೂ ಒದರ್ಲಿಲ್ಲ! ಈಗರ ಹೇಳ್ರಿ, ನಾ ಗುರು ಆದ್ನೋ ಇಲ್ಲೋ?"

ವಸ್ತಾದರು ಅವನ ಹೆಗಲಾಚೆ ನೋಡುತ್ತಿದ್ದರು. ಅಡಿವೆಪ್ಪನೂ ತಿರುಗಿ ನೋಡಿದ.

ಮ್ಯಾಟಿನ ಆಚೆ ಬದಿಯಲ್ಲಿ ಎತ್ತರದ ಹುಡುಗಿ ಮೊಣಕಾಲಿನ ನಡುವೆ ಮುಖ ಹುದುಗಿಸಿ ಕೂತಿದ್ದಳು. ಅವಳ ಗುರು ಎದುರಿಗೆ ನಿಂತು ಬಯ್ಯುತ್ತಿದ್ದ.

"ಅಲ್ಲೊಂದು ಕೂಸು ಅಳಾಕತ್ತೈತಿ, ಅಡಿವೆಪ್ಪಾ," ಎಂದರು ವಸ್ತಾದರು. "ಮೊದಲ ಹೋಗಿ ಅದಕ್ಕ ನೀರು ಕೊಟ್ಟು ಬಾ. ಆಮ್ಯಾಲ ಕೇಳು."