ಒಂದು ಗೇಣು ತಂತಿ

"ಗುರುಗಳೇ, ತಡವಾಗಿ ಹೇಳಿದರೂ ಸತ್ಯ ಸತ್ಯವೇ ಅಲ್ಲವೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು:

ಒಂದು ಪ್ರಯೋಗಾಲಯದಲ್ಲಿ ಒಬ್ಬ ಎಂಜಿನಿಯರ್ ಇದ್ದ. ಆಕಾಶದಿಂದ ಬೀಳುವ ಕಣ ಮೇಲಿನ ಫಲಕದಿಂದ ಕೆಳಗಿನ ಫಲಕಕ್ಕೆ ಎಷ್ಟು ಹೊತ್ತಿನಲ್ಲಿ ಬಂತೆಂದು ಅಳೆಯುವ ಸರ್ಕಿಟ್‌ಗಳನ್ನು ರೂಪಿಸುವುದು ಅವನ ಕೆಲಸ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಷ್ಟನ್ನೂ ಅವು ತಪ್ಪದೆ ಹಿಡಿಯಬೇಕು. ತಂತಿಯಲ್ಲಿ ವಿದ್ಯುತ್ ಹರಿಯಲೂ ಹೊತ್ತು ಬೇಕಲ್ಲ, ತಂತಿ ಒಂದು ಗೇಣು ಹೆಚ್ಚಾದರೂ ಅಳತೆ ಕೆಡುತ್ತದೆ. ಅವನು ನಕ್ಷೆ ಬರೆಯುತ್ತಿದ್ದ. ಫಿಲೋಮಿನಾ ಎಂಬ ಹೆಂಗಸು ಅದನ್ನು ನೋಡಿಕೊಂಡು ಬೆಸುಗೆ ಹಾಕುತ್ತಿದ್ದಳು.

ಎರಡು ವರ್ಷದ ಅಳತೆಗಳು ಪ್ರಕಟವಾದ ಮೇಲೆ ಅವು ತಪ್ಪೆಂದು ಬೇರೆಯವರು ತೋರಿಸಿಕೊಟ್ಟರು. ಪ್ರಯೋಗಾಲಯದ ಮಾನ ಹೋಯಿತು. ವಿಚಾರಣೆಯ ಹಿಂದಿನ ದಿನ ಎಂಜಿನಿಯರ್ ತನ್ನ ನಕ್ಷೆಯನ್ನು ತೆಗೆದು ನೋಡಿದ. ಒಂದು ತಂತಿಯನ್ನು ಅವನೇ ಗೇಣುದ್ದ ಹೆಚ್ಚು ಬರೆದಿದ್ದ.

ಮರುದಿನ ಹಿರಿಯ ಅಧಿಕಾರಿ, "ಬೆಸುಗೆಯೇ ಕೆಟ್ಟಿರಬೇಕು, ಅಲ್ಲವೇನ್ರಿ?" ಎಂದು ಅವನನ್ನು ಕೇಳಿದ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಷ್ಟೇ ಸಾಕಾಯಿತು. ಫಿಲೋಮಿನಾಳನ್ನು ಕೆಲಸದಿಂದ ತೆಗೆದರು. ಕೈ ಸರಿಯಿಲ್ಲದವಳೆಂಬ ಮಾತು ಅವಳು ಹೋದಲ್ಲೆಲ್ಲ ಅವಳಿಗಿಂತ ಮುಂಚೆಯೇ ಹೋಗಿ ಮುಟ್ಟಿತು.

ಹೊಸ ಸರ್ಕಿಟ್ ಮುಗಿಯಲಿ, ಆಮೇಲೆ ನಿಜ ಹೇಳೋಣವೆಂದು ಎಂಜಿನಿಯರ್ ಅಂದುಕೊಂಡ. ಮುಗಿಯಿತು. ಅಧಿಕಾರಿ ನಿವೃತ್ತನಾಗಲಿ ಎಂದುಕೊಂಡ. ಆದ. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಒಂಬತ್ತನೆಯ ವರ್ಷ ತಪ್ಪೊಪ್ಪಿಗೆ ಬರೆದುಕೊಟ್ಟ. "ಹಳೆಯ ವಿಷಯ, ಈಗೇಕೆ ಕೆದಕುತ್ತೀರಿ?" ಎಂದು ಪ್ರಯೋಗಾಲಯದವರು ಕಾಗದವನ್ನು ಬದಿಗಿಟ್ಟರು. ಅವನು ಅವಳ ಊರು ಹುಡುಕಿಕೊಂಡು ಹೋದ. ಅವಳು ಬಾಗಿಲಲ್ಲಿ ಕೂತು ಯಾರದೋ ರವಿಕೆಗೆ ಕೊಕ್ಕೆ ಹೊಲಿಯುತ್ತಿದ್ದಳು.

"ತಪ್ಪು ನನ್ನದಮ್ಮಾ," ಎಂದ. "ತಂತಿಯ ಉದ್ದ ನಾನೇ ತಪ್ಪು ಬರೆದಿದ್ದೆ."

"ಗೊತ್ತು ಸಾರ್," ಎಂದಳು ಅವಳು. "ವಿಚಾರಣೆಗೆ ಮುಂಚೆ ನಾನೂ ನಕ್ಷೆ ನೋಡಿದ್ದೆ. ನಾನು ಹೇಳಿದ್ರೆ ಯಾರು ನಂಬ್ತಾರೆ? ನೀವು ಹೇಳ್ತೀರಿ ಅಂತ ನಿಮ್ಮ ಮುಖಾನೇ ನೋಡ್ತಾ ನಿಂತಿದ್ದೆ."

ಕುಡಿಯಲು ನೀರು ತಂದುಕೊಟ್ಟು ಅವಳು ಮತ್ತೆ ಹೊಲಿಗೆಗೆ ಕೂತಳು. ನೀರು ಕುಡಿದು ಅವನು ಹೊರಟುಬಂದ.

ಗುರುಗಳು ಕತೆ ನಿಲ್ಲಿಸಿದರು.

"ಹೇಗೂ ಕೊನೆಗೆ ಸತ್ಯ ಹೇಳಿದನಲ್ಲ, ಗುರುಗಳೇ?" ಎಂದ ಶಿಷ್ಯ.

"ಸತ್ಯ ಅವಳಿಗೆ ಮೊದಲೇ ಗೊತ್ತಿತ್ತಪ್ಪ, ಅಂದು ಅವಳಿಗೆ ಬೇಕಾಗಿದ್ದುದು ಸಾಕ್ಷಿ."